ಎರಡು ಗುಳಿಗೆ, ಏಳು ಗುಳಿಗೆ

ನೂಲಿಗೆ ಬಣ್ಣ ಹಾಕುವವರ ಓಣಿಯೊಂದರಲ್ಲಿ ಗುರುಪಾದಪ್ಪ ಅಂತ ಒಬ್ಬನಿದ್ದ. ಅವನ ಹೆಂಡತಿ ಕಸ್ತೂರೆವ್ವ. ಇಬ್ಬರೂ ಒಳ್ಳೆಯವರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕಥೆ ಶುರುವಾದ ಕೂಡಲೇ ಇದರಲ್ಲಿ ಕೆಟ್ಟವರು ಯಾರು ಅಂತ ಹುಡುಕುವುದು ನಿಮ್ಮಲ್ಲಿ ಹಲವರ ಅಭ್ಯಾಸ. ಹುಡುಕಬೇಡಿ. ಈ ಕಥೆಯಲ್ಲಿ ಕೆಟ್ಟವರು ಯಾರೂ ಇಲ್ಲ. ಆದರೂ ಕೆಟ್ಟದ್ದೇ ಆಯಿತು.

ಗುರುಪಾದಪ್ಪನ ಕೈಯಲ್ಲಿ ಬಣ್ಣ ಎಂದೂ ಹೆಚ್ಚುಕಡಿಮೆ ಆದದ್ದಿಲ್ಲ. ಅವನ ಅಂಗಳದಲ್ಲಿ ತೊಲೆಯಿಂದ ಒಂದು ದೊಡ್ಡ ತಕ್ಕಡಿ ಇಳಿಬಿಟ್ಟಿತ್ತು. ಹಗ್ಗ ಕಟ್ಟಿದ ಎರಡು ಹಲಗೆ, ನಡುವೆ ಒಂದು ಕಬ್ಬಿಣದ ಮುಳ್ಳು. ಕಣ್ಣಳತೆಯಲ್ಲಿ ಬಣ್ಣ ಕಲಸುವುದು ಆ ಮನೆಯಲ್ಲಿ ಇಲ್ಲವೇ ಇಲ್ಲ. ಮೊದಲು ನೂಲಿನ ಲಡಿಯನ್ನು ತೂಗಬೇಕು, ಆಮೇಲೆ ಆ ತೂಕಕ್ಕೆ ತಕ್ಕಷ್ಟು ಬಣ್ಣ. ಎರಡು ಲಡಿ ಒಂದೇ ತೂಕ ಬಂದರೆ ಎರಡಕ್ಕೂ ಒಂದೇ ಅಳತೆ. ಅಜ್ಜ ಹೀಗೇ ಮಾಡಿದ, ಅಪ್ಪ ಹೀಗೇ ಮಾಡಿದ, ಇವನೂ ಹೀಗೇ ಮಾಡುತ್ತಿದ್ದ. ಒಂದೇ ಸೀರೆಯ ನೂಲಿನಲ್ಲಿ ಎರಡು ಥರದ ಕೆಂಪು ಬಂದಿದೆ ಅಂತ ಯಾವ ನೇಕಾರನೂ ಅವನ ಬಾಗಿಲಿಗೆ ಜಗಳ ತಂದಿರಲಿಲ್ಲ.

ಕಸ್ತೂರೆವ್ವನಿಗೆ ನಲವತ್ತೆಂಟು. ಮುಟ್ಟು ನಿಂತು ಒಂದು ವರ್ಷ ಕಳೆದಿತ್ತು. ಇದನ್ನು ಓದಿ ಮುಖ ತಿರುಗಿಸುವವರು ತಿರುಗಿಸಿಕೊಳ್ಳಿ. ನಿಮ್ಮ ತಾಯಿಗೂ ಆದದ್ದೇ, ನಿಮ್ಮ ಹೆಂಡತಿಗೂ ಆಗುವುದೇ. ಮುಟ್ಟು ನಿಲ್ಲುವಾಗ ಕೆಲವರಿಗೆ ಏನೂ ಗೊತ್ತಾಗುವುದಿಲ್ಲ. ಕೆಲವರಿಗೆ ಪ್ರಾಣ ಹಿಂಡುತ್ತದೆ. ಕಸ್ತೂರೆವ್ವ ಎರಡನೆಯ ಸಾಲಿನವಳು.

ಇದ್ದಕ್ಕಿದ್ದ ಹಾಗೆ ಎದೆಯಿಂದ ಬಿಸಿ ಎದ್ದು ಮುಖಕ್ಕೆ ಏರುತ್ತಿತ್ತು. ಕುಪ್ಪಸ ತೊಯ್ದು ತೊಪ್ಪೆಯಾಗುತ್ತಿತ್ತು. ಸ್ವಲ್ಪ ಹೊತ್ತಿಗೆ ಅದೇ ಬೆವರು ತಣ್ಣಗಾಗಿ ನಡುಕ. ನಿದ್ದೆ ಇಲ್ಲ. ಸಣ್ಣ ಮಾತಿಗೆ ಅಳು, ಇನ್ನೂ ಸಣ್ಣ ಮಾತಿಗೆ ಸಿಟ್ಟು. ಒಂದು ದಿನ ಗುರುಪಾದಪ್ಪ ಪಲ್ಯಕ್ಕೆ ಉಪ್ಪು ಕಡಿಮೆ ಅಂದದ್ದಕ್ಕೆ ರೊಟ್ಟಿ ಬುಟ್ಟಿಯನ್ನೇ ಎತ್ತಿ ಅಂಗಳಕ್ಕೆ ಒಗೆದಳು. ಆಮೇಲೆ ತಾನೇ ಹೋಗಿ ಒಂದೊಂದೇ ರೊಟ್ಟಿ ಆರಿಸಿಕೊಂಡು ಬಂದು ಗಂಡನ ಮುಂದೆ ಕೂತು ಅತ್ತಳು.

"ನನಗ ಏನಾಗೈತ್ರಿ? ಇದು ನಾ ಅಲ್ಲ," ಅಂದಳು.

ಗುರುಪಾದಪ್ಪ ಕೈ ಚಾಚಿ ಒಂದು ರೊಟ್ಟಿ ಎತ್ತಿಕೊಂಡ. ಧೂಳು ಕೊಡವಿ ಅದೇ ರೊಟ್ಟಿ ತಿಂದ.

ಬಿಸಿಯನ್ನಾದರೂ ಅವಳು ಹೇಗೋ ತಡೆದುಕೊಳ್ಳುತ್ತಿದ್ದಳು. ಅವಳ ನಿಜವಾದ ಚಿಂತೆ ಬೇರೆ. ಒಬ್ಬಳೇ ಮಗಳು ದಾನವ್ವ ಗಂಡನ ಮನೆಯಲ್ಲಿ ಬಸುರಿಯಾಗಿದ್ದಳು. ಚೊಚ್ಚಲ ಬಸುರಿ. ಏಳನೆಯ ತಿಂಗಳಲ್ಲಿ ಕುಬಸ, ಅಂದರೆ ಸೀಮಂತ ಮಾಡಿ, ಹಸಿರು ಸೀರೆ ಉಡಿಸಿ, ಮಗಳನ್ನು ತವರಿಗೆ ಕರೆತರಬೇಕು. ಹೆರಿಗೆ, ಬಾಣಂತನ ಎಲ್ಲ ತಾಯಿಯ ಕೈಯಲ್ಲೇ ಆಗಬೇಕು. ಕಸ್ತೂರೆವ್ವ ದಾನವ್ವನನ್ನು ಹೆತ್ತಾಗ ಅವಳಿಗೆ ತವರಿನಲ್ಲಿ ತಾಯಿ ಇರಲಿಲ್ಲ. ಎರಡು ವಾರಕ್ಕೇ ಎದ್ದು, ಹಸಿ ಮೈಯಲ್ಲಿ ಬಣ್ಣದ ಹಂಡೆಯ ಮುಂದೆ ನಿಂತಿದ್ದಳು. ನನ್ನ ಮಗಳಿಗೆ ಹಾಗಾಗಬಾರದು, ಅವಳನ್ನು ಮೂರು ತಿಂಗಳು ನೆಲಕ್ಕೆ ಕಾಲಿಡಲು ಬಿಡುವುದಿಲ್ಲ, ಕೂಸಿಗೆ ನಾನೇ ನೀರೆರೆದು ನಾನೇ ತೂಗುತ್ತೇನೆ ಅಂತ ಎಷ್ಟೋ ವರ್ಷದಿಂದ ಮನಸ್ಸಿನಲ್ಲಿ ಇಟ್ಟುಕೊಂಡು ಬಂದಿದ್ದಳು. ಈಗ ನೋಡಿದರೆ ಕೈ ನಡುಗುತ್ತದೆ, ಕಣ್ಣಿಗೆ ನಿದ್ದೆ ಇಲ್ಲ.

ಊರ ಹೆಬ್ಬಾಗಿಲಾದ ಅಗಸಿಯ ಆಚೆ ಹಂಪವ್ವ ಅಂತ ಒಬ್ಬ ಮುದುಕಿ ಇದ್ದಳು. ಹೆಂಗಸರ ಕಾಯಿಲೆಗೆ ಅವಳ ಔಷಧ. ಮುಟ್ಟು ನಿಲ್ಲುವ ಕಾಲದ ಬಿಸಿಗೆ ಅವಳು ಒಂದು ಬೇರನ್ನು ಅರೆದು, ಬೆಲ್ಲದಲ್ಲಿ ಕಟ್ಟಿ, ಗುಲಗಂಜಿ ಗಾತ್ರದ ಗುಳಿಗೆ ಮಾಡಿ ಕೊಡುತ್ತಿದ್ದಳು. ಆ ಬೇರು ಯಾವುದು ಅಂತ ನಾನು ಹೇಳುವುದಿಲ್ಲ. ಹೇಳಿದರೆ ನಾಳೆ ಬೆಳಿಗ್ಗೆಯೇ ಚೀಲ ಹಿಡಿದು ಹೊರಡುವವರು ಇದನ್ನು ಓದುತ್ತಿರುವವರಲ್ಲೇ ಇದ್ದಾರೆ. ನನಗೆ ಗೊತ್ತು.

ಹಂಪವ್ವನ ಕ್ರಮ ಹೀಗೆ. ಯಾರೇ ಬರಲಿ, ಮೊದಲ ತಿಂಗಳು ದಿನಕ್ಕೆ ಒಂದೇ ಗುಳಿಗೆ. ಅಮಾವಾಸ್ಯೆಗೆ ತಿರುಗಿ ಬರಬೇಕು. ನಾಲಿಗೆ ನೋಡುತ್ತಿದ್ದಳು, ಕಣ್ಣ ರೆಪ್ಪೆ ಎಳೆದು ನೋಡುತ್ತಿದ್ದಳು, ಮೊಣಕಾಲ ಕೆಳಗೆ ಒತ್ತಿ ನೋಡುತ್ತಿದ್ದಳು. ಏರಿಸುವುದಾದರೆ ಒಂದೇ ಒಂದು ಗುಳಿಗೆ, ಅದೂ ಮತ್ತೊಂದು ಅಮಾವಾಸ್ಯೆಯವರೆಗೆ. ಕೆಲವರಿಗೆ ಮೂರರಲ್ಲಿ ನಿಲ್ಲಿಸುತ್ತಿದ್ದಳು, ಕೆಲವರಿಗೆ ಐದು. ಒಬ್ಬಿಬ್ಬರಿಗೆ ಏರಿಸಿದ್ದನ್ನು ಇಳಿಸಿದ್ದೂ ಉಂಟು. ಯಾಕೆ ಅಂತ ಮಾತ್ರ ಯಾರಿಗೂ ಹೇಳುತ್ತಿರಲಿಲ್ಲ. ಕೇಳಿದರೆ ಸಿಡುಕುತ್ತಿದ್ದಳು. ಗೊತ್ತಿದ್ದವರಿಗೆ ಇರುವ ಜಂಬ ಅದು. ಅವಳಲ್ಲೂ ಇತ್ತು, ಮುಚ್ಚಿಡುವುದು ಯಾಕೆ.

ಕಸ್ತೂರೆವ್ವ ಮೊದಲ ಸಲ ಹೋದಾಗ ಹಂಪವ್ವ ಬಹಳ ಹೊತ್ತು ನೋಡಿದಳು.

"ತಲಿ ಒಂದ ಕಡೆ ನೋಯ್ತೈತೇನು?"

"ಹೂಂ ಆಯಿ. ಹುಡುಗಿ ಇದ್ದಾಗಿಂದ ಐತಿ."

"ನೋವು ಬರೂಕಿಂತ ಮೊದಲ ಕಣ್ಣ ಮುಂದ ಮಿಂಚಿದಂಗ ಆಗ್ತೈತೇನು?"

"ಆಗ್ತೈತಿ."

ಹಂಪವ್ವ ಅವಳ ಸೀರೆಯನ್ನು ಸ್ವಲ್ಪ ಎತ್ತಿ ಮೀನಖಂಡದಲ್ಲಿ ಉಬ್ಬಿದ ನರಗಳನ್ನು ನೋಡಿದಳು. ಒಂದು ಗುಳಿಗೆ ಅಂದಳು. ಮುಂದಿನ ಅಮಾವಾಸ್ಯೆಗೆ ಎರಡು ಮಾಡಿದಳು. ಒಂದು ತಿಂಗಳಿಗಾಗುವಷ್ಟು ಗುಳಿಗೆಯನ್ನು ಬಟ್ಟೆಯಲ್ಲಿ ಕಟ್ಟಿ ಕೊಟ್ಟಳು.

"ಪೂರ್ತಿ ಗುಣ ಆಗೂದು ಯಾವಾಗ ಆಯಿ?" ಕಸ್ತೂರೆವ್ವ ಕೇಳಿದಳು. "ಇನ್ನ ಒಂದೂವರಿ ತಿಂಗಳಿಗೆ ಮಗಳ ಕುಬಸ ಐತಿ."

"ಎರಡು. ಅಷ್ಟ. ಹೇಳಿದಷ್ಟು ತಗೋ, ಹೋಗು."

ಎರಡರಲ್ಲಿ ಗುಣ ಕಂಡಿತು. ಇಲ್ಲ ಅಂತ ಯಾರೂ ಹೇಳುವ ಹಾಗಿಲ್ಲ. ದಿನಕ್ಕೆ ಹತ್ತು ಸಲ ಏಳುತ್ತಿದ್ದ ಬಿಸಿ ನಾಲ್ಕು ಸಲಕ್ಕೆ ಇಳಿಯಿತು. ಅರ್ಧ ರಾತ್ರಿಯಾದರೂ ನಿದ್ದೆ ಹತ್ತತೊಡಗಿತು. ರೊಟ್ಟಿ ಬುಟ್ಟಿ ತನ್ನ ಜಾಗದಲ್ಲೇ ಇತ್ತು. ಆದರೆ ನಾವು ಅರ್ಧ ಗುಣವನ್ನು ಗುಣ ಅನ್ನುತ್ತೇವೆಯೇ? ಅರ್ಧ ಗುಣವಾದವರೇ ಹೆಚ್ಚು ತಳಮಳಿಸುವುದು. ಪೂರ್ತಿ ಗುಣ ಅಲ್ಲೇ ಮೂಲೆಯಲ್ಲಿ ಕೂತಿದೆ, ಕೈ ಚಾಚಿದರೆ ಸಿಗುತ್ತದೆ ಅನ್ನಿಸುತ್ತದೆ.

ಒಂದು ದಿನ ತೊಳೆದ ನೂಲಿನ ಹೊರೆ ಹೊತ್ತು ಬರುವಾಗ ಬಿಸಿ ಎದ್ದು, ಕೈ ನಡುಗಿ, ಹೊರೆ ಮಣ್ಣಿಗೆ ಬಿತ್ತು. ಕಸ್ತೂರೆವ್ವ ಆ ನೂಲನ್ನು ಎತ್ತಲೂ ಇಲ್ಲ. ತನ್ನ ಕೈಯನ್ನೇ ನೋಡುತ್ತಾ ನಿಂತಳು.

"ನೂಲು ಬಿದ್ದರ ತೊಳೀಬಹುದು," ಅಂದಳು. "ಈ ಕೈಯಾಗ ಹಸುಗೂಸು ಹ್ಯಾಂಗ ಹಿಡೀಲಿ?"

ಆ ಮಾತು ಗುರುಪಾದಪ್ಪನ ಹೊಟ್ಟೆಯಲ್ಲಿ ಕೂತುಬಿಟ್ಟಿತು. ಹೆಂಡತಿಯ ಮೇಲೆ ಅವನಿಗೆ ಜೀವ. ಬಾಯಿಬಿಟ್ಟು ಹೇಳುವವನಲ್ಲ, ಆದರೆ ಜೀವ.

ಪಕ್ಕದ ಮನೆಯ ಪಾರವ್ವ ಆ ಹೊತ್ತಿಗೆ ಬಂದಳು. ಕಸ್ತೂರೆವ್ವನ ವಾರಿಗೆಯವಳೇ. ಅವಳೂ ಹಂಪವ್ವನ ಗುಳಿಗೆಯನ್ನೇ ತೆಗೆದುಕೊಳ್ಳುತ್ತಿದ್ದಳು. ಅವಳಿಗೆ ಬಿಸಿ ಇಲ್ಲ, ಬೆವರು ಇಲ್ಲ, ಗುಂಡುಕಲ್ಲಿನ ಹಾಗೆ ಇದ್ದಳು.

"ನೀವು ಎಷ್ಟು ತಗೋತೀರಿ ವೈನಿ?" ಗುರುಪಾದಪ್ಪ ಕೇಳಿದ.

"ಏಳು. ಏಳರಾಗ ನೋಡ್ರಿ ನನಗ ಪೂರ್ತಿ ನಿಂತದ್ದು."

ಏಳಕ್ಕೆ ಮುಟ್ಟಲು ಅವಳಿಗೆ ಎರಡು ವರ್ಷ ಹಿಡಿದಿತ್ತು. ನಡುವೆ ಒಮ್ಮೆ ಐದರಿಂದ ನಾಲ್ಕಕ್ಕೆ ಇಳಿಸಿದ್ದಳು ಹಂಪವ್ವ. ಅದನ್ನು ಪಾರವ್ವ ಹೇಳಲಿಲ್ಲ. ಮುಚ್ಚಿಟ್ಟಳು ಅಂತಲ್ಲ. ಗುಣವಾದ ಮೇಲೆ ಗುಣವಾದ ದಾರಿ ಯಾರಿಗೆ ನೆನಪಿರುತ್ತದೆ?

ಗುರುಪಾದಪ್ಪ ಇಬ್ಬರನ್ನೂ ನೋಡಿದ. ಒಂದೇ ವಯಸ್ಸು, ಒಂದೇ ಎತ್ತರ, ಒಂದೇ ಓಣಿಯ ನೀರು. ಒಬ್ಬಳಿಗೆ ಏಳು, ಒಬ್ಬಳಿಗೆ ಎರಡು. ಅವನ ಕಸುಬಿನ ಬುದ್ಧಿ ಅಲ್ಲೇ ಎದ್ದು ಕೂತಿತು.

"ಇಬ್ಬರೂ ತಕ್ಕಡಿ ಮ್ಯಾಲ ಕುಂದರ್ರಿ," ಅಂದ.

ನಗಬೇಡಿ. ಅವರೂ ನಕ್ಕರು, ಆಮೇಲೆ ಕೂತರು. ಒಂದು ಹಲಗೆಯಲ್ಲಿ ಪಾರವ್ವ, ಇನ್ನೊಂದರಲ್ಲಿ ಕಸ್ತೂರೆವ್ವ. ಹಗ್ಗ ಹಿಡಿದುಕೊಂಡು, ಕಾಲು ಎತ್ತಿಕೊಂಡು, ಜೋಕಾಲಿ ಆಡುವ ಹುಡುಗಿಯರಂತೆ ಕಿಲಕಿಲ ಅಂದರು. ಕಸ್ತೂರೆವ್ವ ಎಷ್ಟೋ ತಿಂಗಳ ಮೇಲೆ ಹಾಗೆ ನಕ್ಕದ್ದು. ತಕ್ಕಡಿ ಎರಡು ಸಲ ಮೇಲೆ ಕೆಳಗೆ ಆಡಿ ನಿಂತಿತು. ಮುಳ್ಳು ನಟ್ಟ ನಡುವೆ.

"ನೋಡ್ರಿ. ಗುಲಗಂಜಿಯಷ್ಟೂ ಫರಕ ಇಲ್ಲ," ಅಂದ ಗುರುಪಾದಪ್ಪ. "ಒಂದ ತೂಕದ ಲಡಿಗೆ ಒಂದ ಅಳತಿ. ಆ ಮುದುಕಿ ಕಣ್ಣಳತಿ ಮ್ಯಾಲ ಕೊಟ್ಟಾಳ. ತೂಗಿ ಕೊಟ್ಟಿಲ್ಲ."

ಕಸ್ತೂರೆವ್ವ ಸ್ವಲ್ಪ ಅನುಮಾನಿಸಿದಳು. "ಆಯಿ ಎರಡ ಅಂದಾಳ್ರಿ. ಒಂದು ಮಾತು ಕೇಳೂಣು."

"ಕೇಳಿದರ ಏನಂತಾಳ? ಹೇಳಿದಷ್ಟು ತಗೋ ಅಂತಾಳ. ಯಾಕ ಅಂತ ಎಂದಾರ ಹೇಳ್ಯಾಳೇನು?"

ಕಸ್ತೂರೆವ್ವ ಹಲಗೆಯಿಂದ ಇಳಿದು ಹೂಂ ಅಂದಳು. ಗುಳಿಗೆ ಸಾಲಲಿಕ್ಕಿಲ್ಲ ಅಂತ ಪಾರವ್ವ ಮನೆಗೆ ಹೋಗಿ ತನ್ನ ಡಬ್ಬಿಯನ್ನೇ ತಂದು ಕೊಟ್ಟಳು. ನನಗೆ ಹೇಗೂ ಗುಣವಾಗಿದೆ, ನಾಲ್ಕು ದಿನ ಬಿಟ್ಟರೆ ಏನೂ ಆಗುವುದಿಲ್ಲ, ನಿನ್ನ ಮಗಳ ಬಾಣಂತನ ಮುಖ್ಯ ಅಂದಳು. ನೋಡಿ, ಎಂಥ ಒಳ್ಳೆಯ ಮನಸ್ಸು. ಈಗಿನವರು ಮೊಬೈಲಿನಲ್ಲಿ ಹಸಿರು ಬಾಣ ಒತ್ತಿ ಹತ್ತು ಜನರಿಗೆ ಕಳಿಸುತ್ತಾರಲ್ಲ, ನನಗೆ ಗುಣವಾಯಿತು ನೀವೂ ತೆಗೆದುಕೊಳ್ಳಿ ಅಂತ, ಅವರದ್ದೂ ಒಳ್ಳೆಯ ಮನಸ್ಸೇ.

ಮರುದಿನದಿಂದ ಏಳು.

ಮೊದಲ ವಾರ ಹಬ್ಬ. ಬಿಸಿ ನಿಂತಿತು, ಬೆವರು ನಿಂತಿತು. ಮಲಗಿದರೆ ಬೆಳಕು ಹರಿಯುವವರೆಗೆ ಎಚ್ಚರ ಇಲ್ಲ. ಕೈ ನಡುಗುವುದು ನಿಂತಿತು. ಕಸ್ತೂರೆವ್ವ ಅಟ್ಟದ ಮೇಲಿದ್ದ ತೊಟ್ಟಿಲು ಇಳಿಸಿ ತೊಳೆದಳು, ಹಳೆಯ ಸೀರೆ ಹರಿದು ಕೂಸಿಗೆ ಬಟ್ಟೆ ಮಾಡಿದಳು, ಬಾಣಂತಿಗೆ ಅಂಟಿನುಂಡೆ ಕಟ್ಟಲು ಅಂಟು, ಒಣಕೊಬ್ಬರಿ, ಉತ್ತತ್ತಿ ತಂದಿಟ್ಟಳು. ಗುರುಪಾದಪ್ಪ ಹಂಡೆಯ ಮುಂದೆ ಕೂತು ಹೆಂಡತಿ ಓಡಾಡುವುದನ್ನೇ ನೋಡುತ್ತಿದ್ದ. ನಾನೇ ಸರಿಮಾಡಿದೆ ಅನ್ನುವ ಸಮಾಧಾನ ಅವನಿಗೆ.

ಎರಡನೆಯ ವಾರ ನಿಂತಿದ್ದ ಮುಟ್ಟು ತಿರುಗಿ ಬಂತು. ಅದೂ ಸುಮ್ಮನೆ ಅಲ್ಲ, ಧಾರಾಳವಾಗಿ. ವರ್ಷದ ಹಿಂದೆ ನಿಂತದ್ದು ಹೀಗೆ ಬಂದರೆ ಅದು ಮೈ ಕೊಡುವ ಎಚ್ಚರಿಕೆಯ ಕೂಗು. ಆ ಓಣಿಯಲ್ಲಿ ಅದನ್ನು ಯಾರೂ ಹಾಗೆ ತಿಳಿಯಲಿಲ್ಲ.

"ಹರೇದ ವಯಸ್ಸ ತಿರುಗಿ ಬಂತಲ್ಲ ನಿನಗ," ಅಂತ ಪಾರವ್ವ ಚೇಷ್ಟೆ ಮಾಡಿದಳು. "ಮಗಳಿಗೂ ನಿನಗೂ ಕೂಡಿಸೇ ಕುಬಸ ಮಾಡೂಣು ಬಿಡು."

ಕಸ್ತೂರೆವ್ವ ನಾಚಿ ನಕ್ಕಳು.

ಆಮೇಲೆ ತಲೆನೋವು ಬಂತು. ಮೊದಲಿನ ಹಾಗೆ ತಿಂಗಳಿಗೆ ಒಮ್ಮೆ ಅಲ್ಲ, ದಿನಬಿಟ್ಟು ದಿನ. ಕಣ್ಣ ಮುಂದೆ ಮಿಂಚು ಬಂದು ಅರ್ಧ ತಾಸು ನಿಲ್ಲುತ್ತಿತ್ತು. ಎಡಗಾಲ ಮೀನಖಂಡ ಬಿಗಿದು ನೋಯುತ್ತಿತ್ತು, ಮುಟ್ಟಿದರೆ ಬಿಸಿ. ಹಂಡೆಯ ಮುಂದೆ ನಿಂತು ನಿಂತು ಹಾಗಾಗಿದೆ ಅಂತ ಎಣ್ಣೆ ಹಚ್ಚಿಕೊಂಡಳು.

ಅಮಾವಾಸ್ಯೆ ಬಂತು. ಹಂಪವ್ವನ ಬಳಿ ಹೋಗಬೇಕಾದ ದಿನ.

"ಹೋಗಿ ತೋರಿಸಿ ಬರೂಣೇನ್ರಿ?" ಕಸ್ತೂರೆವ್ವ ಕೇಳಿದಳು. "ಈ ತಲಿನೋವು ಯಾಕೋ ಸರಿ ಕಾಣವಲ್ದು."

ಗುರುಪಾದಪ್ಪ ಯೋಚಿಸಿದ. ಅವನಿಗೂ ಒಳಗೆ ಅಳುಕು ಇತ್ತು. ಅಳುಕು ಇದ್ದದ್ದಕ್ಕೇ ಹೋಗಬಾರದು ಅನ್ನಿಸಿತು. ಮನುಷ್ಯನ ಬುದ್ಧಿ ಹೀಗೆ ಕೆಲಸ ಮಾಡುತ್ತದೆ, ನಾನೇನು ಮಾಡಲಿ.

"ಏಳು ತಗೊಂಡದ್ದು ಗೊತ್ತಾದರ ಬೈತಾಳ. ಬೈದರ ಬೈಲಿ, ಗುಳಿಗಿ ಕೊಡೂದ ನಿಲ್ಲಿಸಿದರ? ತಿರುಗಿ ಆ ಬಿಸಿ, ಆ ನಡುಕ. ಕುಬಸ ಒಂದು ಮುಗೀಲಿ. ಆಮ್ಯಾಲ ಹೋಗೂಣು."

ಕಸ್ತೂರೆವ್ವನೂ ಹೂಂ ಅಂದಳು. ಅವಳಿಗೂ ಬೈಗುಳದ ಭಯ. ನಲವತ್ತೆಂಟು ವರ್ಷದ ಹೆಂಗಸು, ಒಬ್ಬ ಮುದುಕಿಯ ಬೈಗುಳಕ್ಕೆ ಹೆದರಿದಳು. ಗುಳಿಗೆ ತರಲು ಪಾರವ್ವನನ್ನು ಕಳಿಸಿದರು.

"ಕಸ್ತೂರಿ ಯಾಕ ಬರಲಿಲ್ಲ?" ಹಂಪವ್ವ ಪಾರವ್ವನನ್ನು ಕೇಳಿದಳು.

"ಕುಬಸದ ಕೆಲಸ ಆಯಿ. ಆರಾಮ ಅದಾಳ."

"ಎರಡರಾಗ ಅದಾಳ ಹೌದಿಲ್ಲೋ?"

ಪಾರವ್ವ ನೆಲ ನೋಡಿದಳು. "ಹೂಂ," ಅಂದಳು.

ಹಂಪವ್ವ ಅವಳ ಮುಖವನ್ನು ಒಂದು ಗಳಿಗೆ ನೋಡಿ ಗುಳಿಗೆ ಕಟ್ಟಿಕೊಟ್ಟಳು. ನಾನೇ ಒಮ್ಮೆ ಹೋಗಿ ನೋಡಿ ಬರಲೇ ಅಂತ ಅವಳಿಗೆ ಅನ್ನಿಸಿತಂತೆ. ಹೋಗಲಿಲ್ಲ. ಬೇಕಾದವರು ಬರುತ್ತಾರೆ ಅಂದುಕೊಂಡಳು.

ಕುಬಸಕ್ಕೆ ಇನ್ನು ಮೂರು ದಿನ. ಬೆಳಿಗ್ಗೆ ಕಸ್ತೂರೆವ್ವ ಅಂಗಳದಲ್ಲಿ ನೂಲು ತೊಳೆಯುತ್ತಿದ್ದಳು. ನೀರಿನಿಂದ ಲಡಿ ಎತ್ತಲು ಬಲಗೈ ಹಾಕಿದಳು. ಬೆರಳು ಮುಚ್ಚಲಿಲ್ಲ. ಮತ್ತೆ ಪ್ರಯತ್ನಿಸಿದಳು. ಕೈ ನೀರಿನಲ್ಲಿ ಸುಮ್ಮನೆ ತೇಲುತ್ತಿತ್ತು. ಗಂಡನನ್ನು ಕೂಗಲು ಬಾಯಿ ತೆರೆದಳು. ಬಾಯಿ ಒಂದು ಕಡೆಗೆ ಸೊಟ್ಟಗಾಯಿತು, ಮಾತು ಬರಲಿಲ್ಲ. ಗುರುಪಾದಪ್ಪ ತಿರುಗಿ ನೋಡುವ ಹೊತ್ತಿಗೆ ಅವಳು ಬಣ್ಣದ ಕೆಂಪು ನೀರಿನ ಪಕ್ಕದಲ್ಲಿ ಬಿದ್ದಿದ್ದಳು.

ಲಕ್ವ ಹೊಡೆದಿತ್ತು.

ಜೀಪು ಮಾಡಿ ದೊಡ್ಡ ಊರಿನ ದವಾಖಾನೆಗೆ ಒಯ್ದರು. ಡಾಕ್ಟರು ಕೇಳಿದರು, "ಇವರು ಏನಾದರೂ ಔಷಧ ತೆಗೆದುಕೊಳ್ಳುತ್ತಿದ್ದರೇ? ನಾಟಿ ಔಷಧ, ಬೇರು, ಪುಡಿ, ಏನಾದರೂ?"

"ಏನಿಲ್ರಿ," ಅಂದ ಗುರುಪಾದಪ್ಪ.

ಡಾಕ್ಟರು ಎರಡನೆಯ ಸಲ ಕೇಳಿದರು. "ಏನಿಲ್ರಿ ಸಾಹೇಬ್ರ," ಅಂದ ಮತ್ತೆ. ಅವನ ಕಿಸೆಯಲ್ಲೇ ಪಾರವ್ವನ ಡಬ್ಬಿ ಇತ್ತು. ಅಂಥ ಹೊತ್ತಿನಲ್ಲೂ ಹೆಂಡತಿಗೆ ಗುಳಿಗೆ ತಪ್ಪಬಾರದು ಅಂತ ಇಟ್ಟುಕೊಂಡು ಬಂದಿದ್ದ. ಆ ಸಂಜೆ ಅವಳ ಬಾಯಿಗೆ ನೀರು ಹನಿಸುವಾಗ ಎರಡು ಗುಳಿಗೆ ಕರಗಿಸಿಯೂ ಹಾಕಿದ. ನಡೆದದ್ದು ಹೀಗೆ.

ಮೂರನೆಯ ದಿನ ನರ್ಸ್ ಆ ಡಬ್ಬಿಯನ್ನು ನೋಡಿದಳು. ಆಗ ಎಲ್ಲ ಹೇಳಿದ. ತಕ್ಕಡಿಯ ವಿಷಯವನ್ನೂ ಹೇಳಿದ.

ಡಾಕ್ಟರು ಡಬ್ಬಿಯನ್ನು ಕೈಗೆ ತೆಗೆದುಕೊಂಡು, "ಮೊದಲ ದಿನ ಕೇಳಿದಾಗ ಯಾಕೆ ಹೇಳಲಿಲ್ಲ?" ಅಂದರು.

"ಬೈತೀರಿ ಅಂತ," ಅಂದ ಗುರುಪಾದಪ್ಪ. ಅವನಿಗೆ ಐವತ್ತೈದು ವರ್ಷ.

ಜೀವ ಉಳಿಯಿತು. ಬಲಗೈ, ಬಲಗಾಲು, ಮಾತು, ಮೂರೂ ಹೋದವು. ಬರುವ ಆಸೆ ಇಟ್ಟುಕೊಳ್ಳಬೇಡಿ ಅಂತ ಹೇಳಿ ಮನೆಗೆ ಕಳಿಸಿದರು.

ಹೆಂಡತಿಯನ್ನು ಚಾಪೆಯ ಮೇಲೆ ಮಲಗಿಸಿ, ಪಾರವ್ವನನ್ನು ಪಕ್ಕದಲ್ಲಿ ಕೂರಿಸಿ, ಗುರುಪಾದಪ್ಪ ನೆಟ್ಟಗೆ ಅಗಸಿಯ ಆಚೆ ನಡೆದ. ಹಂಪವ್ವ ಕಟ್ಟೆಯ ಮೇಲೆ ಮೊರದಲ್ಲಿ ಬೇರು ಒಣಹಾಕುತ್ತಿದ್ದಳು. ಅವನು ಆ ಮೊರವನ್ನು ಕಾಲಿನಿಂದ ಒದ್ದ. ಬೇರು ಅಂಗಳದ ತುಂಬ ಹರಡಿತು.

"ನಿನ್ನ ಔಷಧ ನನ್ನ ಹೇಣ್ತಿನ್ನ ತಿಂತು," ಅಂದ.

ಹಂಪವ್ವನಿಗೆ ಸುದ್ದಿ ಆಗಲೇ ಮುಟ್ಟಿತ್ತು. ಅವಳು ಕೂತಲ್ಲಿಂದ ಏಳಲಿಲ್ಲ.

"ನನ್ನ ಔಷಧ ಎರಡು ಗುಳಿಗಿ, ತಮ್ಮಾ. ಉಳಿದ ಐದು ನಿಂದು."

ಗುರುಪಾದಪ್ಪ ಅಲ್ಲೇ ಮಣ್ಣಿನಲ್ಲಿ ಕೂತ. ಕೇಳಿದ, "ತೂಕ ಒಂದ ಇತ್ತು ಆಯಿ. ನಾ ತೂಗಿ ನೋಡಿದ್ದೆ. ಪಾರವ್ವಗ ಆದದ್ದು ಇಕಿಗೆ ಯಾಕ ಆಗಲಿಲ್ಲ?"

"ನೂಲಿನೊಳಗ ನೂಲ ಇರ್ತೈತಿ. ಹೆಣ್ಣಮಗಳೊಳಗ ಏನೇನ ಇರ್ತೈತಿ ಅಂತ ತಕ್ಕಡಿಗೆ ಏನ ಗೊತ್ತು? ಪಾರವ್ವನ ತಲಿ ಎಂದೂ ನೋಯ್ದಿಲ್ಲ. ಅಕಿ ಕಾಲಾಗ ನರ ಉಬ್ಬಿಲ್ಲ. ನಿನ್ನ ಹೇಣ್ತಿಗೆ ಎರಡೂ ಇದ್ದುವು. ಅಂಥವರಿಗೆ ಈ ಬೇರು ಹೆಚ್ಚಾದರ ರಕ್ತ ಹೆಪ್ಪುಗಟ್ಟತೈತಿ. ಅಕಿಗೆ ಎರಡರ ಮ್ಯಾಲ ಏರಸಬಾರದು ಅಂತ ಮೊದಲನೇ ದಿನಾನ ನಾ ಮನಸಿನ್ಯಾಗ ಇಟ್ಕೊಂಡಿದ್ದೆ. ಉಳಿದ ನಾಕು ಬಿಸಿ ಅಕಿ ತಡಕೋಬೇಕಾಗಿತ್ತು. ಒಂದು ವರ್ಷ, ಎರಡು ವರ್ಷ. ತಾನ ಇಳೀತಿತ್ತು."

"ಮನಸಿನ್ಯಾಗ ಇಟ್ಕೊಂಡಿದ್ದೇನು?" ಗುರುಪಾದಪ್ಪ ತಲೆ ಎತ್ತಿದ. "ಒಂದು ಮಾತು ಬಾಯಿಬಿಟ್ಟು ಹೇಳಿದ್ದರ ಆಯಿ? ಅಕಿ ಕೇಳಿದಳಲ್ಲ, ಎಂದ ಗುಣ ಆಗ್ತೈತಿ ಅಂತ. ಈ ತಲಿನೋವಿಗೆ ಹೆಚ್ಚಿಗಿ ಕೊಡಾಕ ಬರೂದಿಲ್ಲ ಅಂತ ಒಂದು ಮಾತು ಅಂದಿದ್ದರ, ನಾ ತಕ್ಕಡಿ ಕಡೆ ಹೊಳ್ಳಿ ಸುದ್ದಾ ನೋಡತಿದ್ದಿಲ್ಲ."

ಹಂಪವ್ವನ ಎಂಬತ್ತು ವರ್ಷದಲ್ಲಿ ಯಾರೂ ಅವಳಿಗೆ ಹಾಗೆ ಹೇಳಿರಲಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡು ಅಂಗಳದಲ್ಲಿ ಹರಡಿದ ಬೇರನ್ನು ಆರಿಸತೊಡಗಿದಳು. ಗುರುಪಾದಪ್ಪನೂ ಆರಿಸಿದ. ಅಲ್ಲಿಂದ ಮುಂದೆ ಹಂಪವ್ವ ಪ್ರತಿ ಹೆಂಗಸಿಗೂ ಯಾಕೆ ಇಷ್ಟು, ಯಾಕೆ ಇದಕ್ಕಿಂತ ಹೆಚ್ಚು ಬೇಡ, ಏನಾದರೆ ಕೂಡಲೇ ನಿಲ್ಲಿಸಿ ಓಡಿ ಬರಬೇಕು ಅಂತ ಬಿಡಿಸಿ ಹೇಳುತ್ತಿದ್ದಳಂತೆ. ಕಸ್ತೂರೆವ್ವನಿಗೆ ಅದರಿಂದ ಏನಾಗಬೇಕು?

ಕುಬಸ ನಡೆಯಲಿಲ್ಲ. ಹಸಿರು ಸೀರೆ ಪೆಟ್ಟಿಗೆಯಲ್ಲೇ ಉಳಿಯಿತು. ಗಂಡನ ಮನೆಯವರು ಇಲ್ಲೇ ಹೆರಿಗೆ ಮಾಡಿಸುತ್ತೇವೆ ಅಂದರೂ ದಾನವ್ವ ಕೇಳಲಿಲ್ಲ. ಅವ್ವನ ಮನೆಯಲ್ಲೇ ಹೆರುತ್ತೇನೆ, ಅವ್ವ ನೋಡಬೇಕು ಅಂತ ಹಟ ಹಿಡಿದು ಬಂದಳು. ಎರಡು ತಿಂಗಳಿಗೆ ಹೆಣ್ಣು ಕೂಸು ಹುಟ್ಟಿತು. ಪಾರವ್ವ ತನ್ನ ಮನೆ ಬಿಟ್ಟು ಬಂದು ಬಾಣಂತಿಗೆ ನೀರು ಕಾಯಿಸಿದಳು, ಕೂಸಿಗೆ ಎರೆದಳು, ರೋಗಿಯ ಹೇಸಿಗೆಯನ್ನೂ ಬಳಿದಳು. ಒಂದು ದಿನವೂ ತಲೆ ಎತ್ತಿ ಕಸ್ತೂರೆವ್ವನ ಮುಖ ನೋಡಲಿಲ್ಲ. ಆದರೂ ಪಾರವ್ವ ಒಬ್ಬಳ ಕೈಯಲ್ಲಿ ಎರಡೂ ಕೆಲಸ ಸಾಗುತ್ತಿರಲಿಲ್ಲ. ಹಸಿ ಬಾಣಂತಿ ದಾನವ್ವ ಎದ್ದು, ಗೋಡೆ ಹಿಡಿದು ನಡೆದು ಬಂದು, ತಾಯಿಯ ಬಾಯಿಗೆ ಗಂಜಿ ಹಾಕುತ್ತಿದ್ದಳು. ಬೇಡ ಅಂತ ಹೇಳಲು ತಾಯಿಗೆ ಮಾತಿಲ್ಲ. ಎಡಗೈಯಿಂದ ಮಗಳನ್ನು ದೂಡುತ್ತಿದ್ದಳು, ಹೋಗು, ಮಲಗು ಅನ್ನುವ ಹಾಗೆ. ಗಂಜಿ ಎದೆಯ ಮೇಲೆ ಚೆಲ್ಲುತ್ತಿತ್ತು.

ಹೆಸರಿಡುವ ದಿನ ದಾನವ್ವ ಕೂಸನ್ನು ತಂದು ತಾಯಿಯ ಪಕ್ಕದಲ್ಲಿ ಮಲಗಿಸಿದಳು.

"ಅವ್ವಾ, ನೋಡು. ನಿನ್ನ ಹೆಸರ ಇಟ್ಟೀನಿ," ಅಂದಳು.

ಕಸ್ತೂರೆವ್ವ ಮಲಗಿದಲ್ಲೇ ಹೊರಳಿದಳು. ಎಡಗೈಯನ್ನು ಕೂಸಿನ ಬೆನ್ನಿನ ಕೆಳಗೆ ತೂರಿಸಿದಳು. ಎದೆಯ ಹತ್ತಿರ ಎಳೆದುಕೊಳ್ಳಲು ನೋಡಿದಳು. ಒಂದು ಕೈಯಲ್ಲಿ ಆಗಲಿಲ್ಲ. ಕತ್ತು ನಿಲ್ಲದ ಕೂಸು ವಾಲಿ, ಮುಖ ಚಾಪೆಗೆ ಒತ್ತಿ, ಉಸಿರು ಕಟ್ಟಿದ ಹಾಗಾಗಿ ಕಿರುಚಿತು. ದಾನವ್ವ ಗಾಬರಿಯಿಂದ ಕಸಿದುಕೊಂಡಳು. ಕಸಿದುಕೊಂಡ ಮೇಲೆ ತಾನು ಮಾಡಿದ್ದು ತಿಳಿದು, "ಇಲ್ಲವ್ವಾ, ಇಲ್ಲ, ಏನೂ ಆಗಿಲ್ಲ, ತಗೋ, ಹಿಡಕೋ," ಅಂತ ಮತ್ತೆ ಚಾಚಿದಳು.

ಕಸ್ತೂರೆವ್ವ ಕೈ ಮುಂದೆ ಮಾಡಲಿಲ್ಲ. ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡಳು. ಬಾಗಿಲಲ್ಲಿ ನಿಂತಿದ್ದ ಗುರುಪಾದಪ್ಪ ಇದನ್ನೆಲ್ಲ ನೋಡಿದ. ಆಮೇಲೆ ಅವಳು ಆರು ವರ್ಷ ಬದುಕಿದಳು. ತಾಯಿಯನ್ನು ನೋಡಿಕೊಳ್ಳಲು ದಾನವ್ವ ತವರಿನಲ್ಲೇ ಉಳಿದಳು. ಮೊಮ್ಮಗಳು ಅದೇ ಮನೆಯಲ್ಲಿ ಅಂಬೆಗಾಲಿಟ್ಟಳು, ನಡೆದಳು, ಓಡಿದಳು. ಅವಳನ್ನು ಎತ್ತಿಕೊಳ್ಳಲು ಕಸ್ತೂರೆವ್ವ ಮತ್ತೆ ಕೈ ಚಾಚಲಿಲ್ಲ.

ನೀತಿ: ಪಕ್ಕದ ಮನೆಯವರಿಗೆ ಹಿಡಿಸಿದ ಅಳತೆ ನಿಮ್ಮ ಅಳತೆಯಲ್ಲ, ಅವರ ತೂ‍ಕ, ವಯಸ್ಸು ನಿಮ್ಮದೇ ಆಗಿದ್ದರೂ ಅಲ್ಲ. ಬೇರಾಗಲಿ, ಸೊಪ್ಪಾಗಲಿ, ಮೈಯೊಳಗೆ ಹೋಗಿ ಕೆಲಸ ಮಾಡುವುದೆಲ್ಲ ಔಷಧವೇ. ಸ್ವಲ್ಪದರಿಂದ ಶುರುಮಾಡಿ, ಕಾಯಿರಿ, ಬಲ್ಲವರಿಗೆ ತೋರಿಸಿ. ಅರ್ಧ ಗುಣದಲ್ಲಿ ನಿಲ್ಲು ಅಂದರೆ ನಿಲ್ಲಿ. ಹೆಚ್ಚು ತೆಗೆದುಕೊಂಡಿದ್ದರೆ ಕೂಡಲೇ ಹೇಳಿ, ಬೈಗುಳಕ್ಕೆ ಹೆದರಬೇಡಿ. ಔಷಧ ಕೊಡುವವರೇ, ನಿಮಗೂ ಒಂದು ಮಾತು: ಎಷ್ಟು ಅಂತ ಹೇಳಿದರೆ ಸಾಲದು, ಯಾಕೆ ಅಂತಲೂ ಹೇಳಿ.